ಉತ್ತರಕ್ಕೆ ಲಗಾಮು ಹಾಕಿದ ಟಿಖೋನೊವ್

ಮಷೀನ್ ಲರ್ನಿಂಗ್ ಲ್ಯಾಬ್‌ನಲ್ಲಿ ರಿಡ್ಜ್ ರಿಗ್ರೆಷನ್ ಕೋಡ್ ಬರೆಯುವಾಗ ಆಲ್ಫಾ ಅಂತ ಒಂದು ಪ್ಯಾರಾಮೀಟರ್ ಬರುತ್ತದಲ್ಲ, ನಮ್ಮಲ್ಲಿ ಬಹುತೇಕರು ಅದನ್ನು 1.0 ಅಂತ ಡಿಫಾಲ್ಟ್‌ಗೇ ಬಿಟ್ಟು ಮುಂದೆ ಹೋಗ್ತೀವಿ. ಆ ಒಂದು ಸಂಖ್ಯೆಯ ಹಿಂದೆ ಇರುವ ಹೆಸರು ಆಂದ್ರೇ ನಿಕೊಲಾಯೆವಿಚ್ ಟಿಖೋನೊವ್. ಅವರ ಕಥೆ ಶುರುವಾಗೋದು ಕೋಡ್‌ನಿಂದಲೂ ಅಲ್ಲ, ಡೇಟಾದಿಂದಲೂ ಅಲ್ಲ, ಶುದ್ಧ ಟೋಪಾಲಜಿಯಿಂದ.

ಟಿಖೋನೊವ್ ಹುಟ್ಟಿದ್ದು 1906ರ ಅಕ್ಟೋಬರ್‌ನಲ್ಲಿ, ರಷ್ಯಾದ ಗ್ಜಾತ್ಸ್ಕ್ ಎಂಬ ಸಣ್ಣ ಊರಲ್ಲಿ. ಈ ಊರಿಗೆ ಈಗ ಗಗಾರಿನ್ ಅಂತ ಹೆಸರು. ಬಾಹ್ಯಾಕಾಶಕ್ಕೆ ಮೊದಲು ಹೋದ ಯೂರಿ ಗಗಾರಿನ್ ಆ ಕಡೆಯವರೇ. 1922ರಲ್ಲಿ ಟಿಖೋನೊವ್ ಮಾಸ್ಕೋ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಗುರುವಾಗಿ ಸಿಕ್ಕವರು ಪಾವೆಲ್ ಅಲೆಕ್ಸಾಂಡ್ರೋವ್. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಎಷ್ಟೇ ಸ್ಪೇಸ್‌ಗಳನ್ನು ಬೇಕಾದರೂ ಒಟ್ಟಿಗೆ ಗುಣಿಸಿ ಹೊಸ ಸ್ಪೇಸ್ ಕಟ್ಟೋದು ಹೇಗೆ ಅನ್ನೋದಕ್ಕೆ ಟಿಖೋನೊವ್ ಒಂದು ವ್ಯಾಖ್ಯೆ ಕೊಟ್ಟರು. ಅದು ಗುರುಗಳಿಗೇ ಮೊದಲು ವಿಚಿತ್ರ ಅನಿಸಿತ್ತಂತೆ. ಆದರೆ ಅದೇ ವ್ಯಾಖ್ಯೆ ನಿಂತಿತು. ಕಾಂಪ್ಯಾಕ್ಟ್ ಸ್ಪೇಸ್‌ಗಳನ್ನು ಗುಣಿಸಿದರೆ ಬರೋದೂ ಕಾಂಪ್ಯಾಕ್ಟ್ ಅನ್ನುವ ಅವರ ಪ್ರಮೇಯ ಇವತ್ತಿಗೂ ಟೋಪಾಲಜಿಯ ಪ್ರತಿ ಪಠ್ಯಪುಸ್ತಕದಲ್ಲಿದೆ.

ಇದರಿಂದ ಏನು ಉಪಯೋಗ ಅಂತ ಎಂಜಿನಿಯರ್ ಕೇಳೋದು ಸಹಜ. ಉತ್ತರ ಸಿಗೋಕೆ ಕೆಲವು ವರ್ಷ ಹಿಡಿಯಿತು.

ಮೂವತ್ತರ ದಶಕದಲ್ಲಿ ಟಿಖೋನೊವ್ ಗಣಿತ-ಭೌತಶಾಸ್ತ್ರದ ಕಡೆ ತಿರುಗಿದರು, ಆಮೇಲೆ ಭೂಭೌತಶಾಸ್ತ್ರಕ್ಕೆ. ನೆಲದ ಮೇಲೆ ನಿಂತು ಅಳತೆ ಮಾಡಿ, ನೆಲದ ಒಳಗೆ ಏನಿದೆ ಅಂತ ಹೇಳಬೇಕು. ಕಾರಣ ಗೊತ್ತಿದ್ದು ಪರಿಣಾಮ ಲೆಕ್ಕ ಹಾಕೋದು ನೇರ ದಾರಿ. ಪರಿಣಾಮ ನೋಡಿ ಕಾರಣ ಹುಡುಕೋದು ಇನ್‌ವರ್ಸ್ ಪ್ರಾಬ್ಲಮ್. ಎಡವಟ್ಟಾಗೋದು ಇಲ್ಲೇ.

ಒಂದು ಚಿಕ್ಕ ಲೆಕ್ಕ ನೋಡಿ. ಎಕ್ಸ್ + ವೈ = 2, ಮತ್ತು ಎಕ್ಸ್ + 1.0001 ವೈ = 2.0001. ಉತ್ತರ ಸುಲಭ: ಎಕ್ಸ್ 1, ವೈ 1. ಈಗ ಮೀಟರ್‌ನಲ್ಲಿ ಚೂರು ನಾಯ್ಸ್ ಬಂದು 2.0001 ಬದಲು 2.0002 ಅಂತ ಓದಿತು ಅಂದುಕೊಳ್ಳಿ. ಉತ್ತರ ಎಕ್ಸ್ 0, ವೈ 2 ಆಗಿಬಿಡುತ್ತೆ! ಅಳತೆಯಲ್ಲಿ ನಾಲ್ಕನೇ ದಶಮಾಂಶ ಅಲ್ಲಾಡಿದ್ದಕ್ಕೆ ಉತ್ತರವೇ ಬುಡಮೇಲು.

ಫ್ರಾನ್ಸಿನ ಹ್ಯಾಡಮಾರ್ಡ್ 20ನೇ ಶತಮಾನದ ಶುರುವಿನಲ್ಲೇ ಒಳ್ಳೆಯ ಸಮಸ್ಯೆ ಹೇಗಿರಬೇಕು ಅಂತ ಹೇಳಿದ್ದರು. ಉತ್ತರ ಇರಬೇಕು, ಒಂದೇ ಇರಬೇಕು, ಡೇಟಾ ಸ್ವಲ್ಪ ಬದಲಾದರೆ ಉತ್ತರವೂ ಸ್ವಲ್ಪವೇ ಬದಲಾಗಬೇಕು. ಇದಕ್ಕೆ ಹೊಂದದ ಸಮಸ್ಯೆಗಳಿಗೆ ಭೌತಿಕ ಅರ್ಥವೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಆದರೆ ನೆಲದಡಿಯ ಅದಿರು ಆ ನಂಬಿಕೆಗಾಗಿ ಮಾಯವಾಗೋದಿಲ್ಲವಲ್ಲ!

1943ರಲ್ಲಿ, ಯುದ್ಧದ ನಡುವೆಯೇ, ಇನ್‌ವರ್ಸ್ ಪ್ರಾಬ್ಲಮ್‌ಗಳ ಸ್ಥಿರತೆ ಬಗ್ಗೆ ಟಿಖೋನೊವ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ನಾವು ಹುಡುಕುವ ಉತ್ತರ ಒಂದು ಕಾಂಪ್ಯಾಕ್ಟ್ ಗುಂಪಿನೊಳಗೇ ಇದೆ ಅಂತ ಮೊದಲೇ ಗೊತ್ತಿದ್ದರೆ, ಹಿಂದಕ್ಕೆ ಹೋಗುವ ದಾರಿಯೂ ಸ್ಥಿರವಾಗುತ್ತದೆ ಅನ್ನೋದು ಅದರ ತಿರುಳು. ಹುಡುಗನಾಗಿದ್ದಾಗ ಪಳಗಿಸಿಕೊಂಡಿದ್ದ ಟೋಪಾಲಜಿ ಈಗ ಗಣಿ ಹುಡುಕುವ ಕೆಲಸಕ್ಕೆ ಬಂತು. ಅಳತೆ ಒಂದೇ ಸಾಲದು, ಉತ್ತರ ಹೇಗಿರಬಹುದು ಅನ್ನುವ ಮುಂಚಿನ ತಿಳುವಳಿಕೆಯೂ ಲೆಕ್ಕದೊಳಗೆ ಬರಬೇಕು.

ಆಮೇಲಿನ ವರ್ಷಗಳು ಗುಟ್ಟಿನವು. 1948ರಿಂದ ಟಿಖೋನೊವ್ ತಂಡ ಸೋವಿಯತ್ ಹೈಡ್ರೋಜನ್ ಬಾಂಬಿನ ಲೆಕ್ಕ ಮಾಡಿತು. ಅಲೆಕ್ಸಾಂಡರ್ ಸಮಾರ್ಸ್ಕಿ ಜೊತೆಗಿದ್ದರು. ಕಂಪ್ಯೂಟರ್ ಇನ್ನೂ ಕೈಗೆ ಸಿಕ್ಕಿರಲಿಲ್ಲ, ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಯಂತ್ರಗಳಲ್ಲೇ ಶುರು ಮಾಡಿದ್ದು. 1953ರ ಆಗಸ್ಟ್‌ನಲ್ಲಿ ಬಾಂಬಿನ ಪರೀಕ್ಷೆ ನಡೆಯಿತು. ಅದರ ವಿನ್ಯಾಸದ ಹಿಂದಿದ್ದವರು ಆಂದ್ರೇ ಸಖರೋವ್.

ಹಳೆಯ ಪ್ರಶ್ನೆಗೆ ಪೂರ್ತಿ ಉತ್ತರ ಬಂದಿದ್ದು 1963ರಲ್ಲಿ, 20 ವರ್ಷಗಳ ಮೇಲೆ. ಡೇಟಾಗೆ ಹೊಂದದಿದ್ದರೆ ಆಗುವ ದೋಷದ ಜೊತೆಗೆ, ಉತ್ತರ ಅತಿಯಾಗಿ ಕುಣಿದರೆ ಒಂದು ದಂಡವನ್ನೂ ಕೂಡಿಸಿ, ಆ ಮೊತ್ತವನ್ನು ಕನಿಷ್ಠ ಮಾಡಿ ಅಂದರು. ದಂಡದ ತೂಕವೇ ಆಲ್ಫಾ. ಮೇಲಿನ ಲೆಕ್ಕಕ್ಕೆ ಆಲ್ಫಾ 0.01 ಇಟ್ಟು, ಉತ್ತರದ ವರ್ಗಗಳ ಮೊತ್ತವನ್ನು ದಂಡವಾಗಿ ಸೇರಿಸಿ ನೋಡಿ. 2.0001 ಇರಲಿ, 2.0002 ಇರಲಿ, ಎಕ್ಸ್ ವೈ ಎರಡೂ 1ರ ಹತ್ತಿರವೇ, ಸುಮಾರು 0.9975ರಲ್ಲಿ ನಿಲ್ಲುತ್ತವೆ. ಉತ್ತರ ಚೂರು ತಪ್ಪು, ಆದರೆ ನಂಬಬಹುದಾದ ತಪ್ಪು. ಆಲ್ಫಾ ತೀರಾ ಸಣ್ಣದಾದರೆ ನಾಯ್ಸ್ ಮತ್ತೆ ಕುಣಿಯುತ್ತೆ, ತೀರಾ ದೊಡ್ಡದಾದರೆ ಡೇಟಾದ ಮಾತೇ ಕೇಳಿಸೋದಿಲ್ಲ. ಅಳತೆಯಲ್ಲಿ ದೋಷ ಎಷ್ಟಿದೆ ಅಂತ ನೋಡಿಕೊಂಡೇ ಅದನ್ನು ಆರಿಸಬೇಕು.

ಇದೇ ಬಗೆಯ ವಿಧಾನವನ್ನು ಅಮೆರಿಕದಲ್ಲಿ ಫಿಲಿಪ್ಸ್ 1962ರಲ್ಲಿ ಬೇರೆಯಾಗಿ ಕಂಡುಕೊಂಡಿದ್ದರು. 1970ರಲ್ಲಿ ಹೋರ್ಲ್ ಮತ್ತು ಕೆನ್ನಾರ್ಡ್ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ರಿಡ್ಜ್ ಅಂತ ಹೆಸರಿಟ್ಟರು. ಟಿಖೋನೊವ್‌ಗೆ 1966ರಲ್ಲಿ ಲೆನಿನ್ ಪ್ರಶಸ್ತಿ ಬಂತು. 1970ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟೇಶನಲ್ ಗಣಿತ ಮತ್ತು ಸೈಬರ್ನೆಟಿಕ್ಸ್ ವಿಭಾಗ ಶುರುವಾದಾಗ ಅದರ ಮೊದಲ ಡೀನ್ ಆಗಿ, 20 ವರ್ಷ ನಡೆಸಿದರು.

ಆ ಬದುಕಿನಲ್ಲಿ ಒಂದು ಕಪ್ಪು ಪುಟವೂ ಇದೆ. ಸಖರೋವ್ ಸರ್ಕಾರವನ್ನು ಎದುರಿಸಿ ಗೋರ್ಕಿಯಲ್ಲಿ ದೇಶದೊಳಗೇ ಗಡೀಪಾರಾಗಿದ್ದಾಗ, 1983ರಲ್ಲಿ ಇಜ್ವೆಸ್ತಿಯಾ ಪತ್ರಿಕೆಯಲ್ಲಿ ಅವರನ್ನು ಖಂಡಿಸುವ ಪತ್ರವೊಂದು ಬಂತು. ಸಹಿ ಹಾಕಿದ ನಾಲ್ವರಲ್ಲಿ ಟಿಖೋನೊವ್ ಒಬ್ಬರು. ಒಂದು ಕಾಲಕ್ಕೆ ಯಾರ ಬಾಂಬಿಗೆ ಲೆಕ್ಕ ಮಾಡಿಕೊಟ್ಟಿದ್ದರೋ ಅವರ ವಿರುದ್ಧವೇ ಈ ಸಹಿ. ಅವರ ಗಣಿತವನ್ನು ಮೆಚ್ಚುವವರು ಇದನ್ನೂ ತಿಳಿದಿರಬೇಕು.

1993ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಮಸುಕಾದ ಫೋಟೋ ತಿದ್ದುವಾಗ, ಸಿಟಿ ಸ್ಕ್ಯಾನ್‌ನಲ್ಲಿ ಚಿತ್ರ ಕಟ್ಟುವಾಗ, ನ್ಯೂರಲ್ ನೆಟ್‌ವರ್ಕ್‌ಗೆ ವೇಯ್ಟ್ ಡಿಕೇ ಹಾಕುವಾಗ ಅವರ ವಿಚಾರ ಬೇರೆ ಬೇರೆ ವೇಷದಲ್ಲಿ ಕೆಲಸ ಮಾಡ್ತಾನೇ ಇದೆ. ಮುಂದಿನ ಅಸೈನ್‌ಮೆಂಟ್‌ನಲ್ಲಿ ಆಲ್ಫಾನ 1.0ಕ್ಕೇ ಬಿಡೋ ಮೊದಲು, ನಿಮ್ಮ ಡೇಟಾದಲ್ಲಿ ನಾಯ್ಸ್ ಎಷ್ಟಿದೆ ಅಂತ ಒಮ್ಮೆ ನೋಡಿ.