ರಾಗ ಗುರುತಿಸಲಾಗದ ಡಾರ್ವಿನ್ ಸಂಗೀತಕ್ಕೆ ಮನಸೋತಿದ್ದು ಹೇಗೆ?

ಸಂಗೀತ ರಕ್ತದಲ್ಲೇ ಬರಬೇಕು ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾಡು ಕೇಳಿ ಕರಗದವರದು ಕಲ್ಲು ಮನಸ್ಸು ಎನ್ನುವವರೂ ಇದ್ದಾರೆ. ಈ ಮಾತುಗಳು ಎಷ್ಟು ನಿಜ? ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರ ಬದುಕನ್ನೇ ನೋಡೋಣ.

ಕಿವಿ ಮಂದ, ಆಸೆ ಅಪಾರ

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ವೈದ್ಯರಾಗಿದ್ದ ತಂದೆ ಮಗನೂ ವೈದ್ಯನಾಗಲಿ ಎಂದು ಓದಲು ಕಳಿಸಿದರು. ಅದು ಹಿಡಿಸದೆ ಡಾರ್ವಿನ್ 1828ರಲ್ಲಿ ಕೇಂಬ್ರಿಜ್‌ಗೆ ಬಂದರು. ಅಲ್ಲಿ ಸಂಗೀತದ ಹುಚ್ಚಿದ್ದ ಗೆಳೆಯರು ಸಿಕ್ಕರು.

ಕಿಂಗ್ಸ್ ಕಾಲೇಜಿನ ಚರ್ಚಿನಲ್ಲಿ ಹಾಡುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪುವಂತೆ ಅವರು ವಾಕಿಂಗ್ ಹೊರಡುತ್ತಿದ್ದರು. ಹಾಡು ಕೇಳುತ್ತಿದ್ದರೆ ಕೆಲವೊಮ್ಮೆ ಬೆನ್ನು ಜುಮ್ಮೆನ್ನುತ್ತಿತ್ತಂತೆ. ಅಲ್ಲಿ ಹಾಡುವ ಹುಡುಗರಿಗೆ ದುಡ್ಡು ಕೊಟ್ಟು ತಮ್ಮ ರೂಮಿನಲ್ಲಿ ಹಾಡಿಸಿದ್ದೂ ಉಂಟು.

ತಮಾಷೆಯೆಂದರೆ, ಅವರಿಗೆ ಅಪಸ್ವರ ಗೊತ್ತಾಗುತ್ತಿರಲಿಲ್ಲ. ತಾಳ ಹಿಡಿಯಲು ಬರುತ್ತಿರಲಿಲ್ಲ. ಒಂದು ಧಾಟಿಯನ್ನು ಸರಿಯಾಗಿ ಗುನುಗಲೂ ಆಗುತ್ತಿರಲಿಲ್ಲ. ಗೆಳೆಯರು ಇದನ್ನೇ ಆಟ ಮಾಡಿಕೊಂಡು, ಗೊತ್ತಿರುವ ಹಾಡುಗಳನ್ನು ವೇಗ ಬದಲಿಸಿ ನುಡಿಸಿ ಪರೀಕ್ಷೆ ಮಾಡುತ್ತಿದ್ದರು. ತಮ್ಮ ದೇಶದ ರಾಷ್ಟ್ರಗೀತೆಯನ್ನು ಗುರುತಿಸಲೂ ಡಾರ್ವಿನ್ ಒದ್ದಾಡುತ್ತಿದ್ದರು. ಅವರಷ್ಟೇ ಮಂದ ಕಿವಿಯವನೊಬ್ಬ ಆ ಗುಂಪಿನಲ್ಲಿದ್ದ. ಆತ ಅಷ್ಟಿಷ್ಟು ಕೊಳಲನ್ನೂ ನುಡಿಸುತ್ತಿದ್ದ!

ಎಮ್ಮಾ ಅವರ ಪಿಯಾನೋ

ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಜಗತ್ತು ಸುತ್ತಿ ಬಂದ ಡಾರ್ವಿನ್, 1839ರಲ್ಲಿ ಎಮ್ಮಾ ಅವರನ್ನು ಮದುವೆಯಾದರು. ಎಮ್ಮಾ ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. ಸಂಜೆ ಹೊತ್ತು ಸೋಫಾದ ಮೇಲೆ ಮಲಗಿ ಕೇಳುವುದು ಡಾರ್ವಿನ್‌ಗೆ ಪ್ರಿಯವಾಗಿತ್ತು. ಬೀಥೋವನ್ ಮತ್ತು ಹ್ಯಾಂಡೆಲ್ ಅವರ ಕೆಲವು ಭಾಗಗಳು ವಿಶೇಷವಾಗಿ ಇಷ್ಟ. ಅವನ್ನೇ ಮತ್ತೆ ನುಡಿಸಿದರೆ ಖುಷಿಪಟ್ಟು, ಇದು ಯಾವುದು ಎಂದು ಹೊಸದಾಗಿ ಕೇಳುತ್ತಿದ್ದರು. ಧಾಟಿಯ ಗುರುತು ಸಿಗದಿದ್ದರೂ ಇಷ್ಟ ಮಾತ್ರ ಬದಲಾಗುತ್ತಿರಲಿಲ್ಲ.

ಮನುಷ್ಯರಿಗೆ ಸಂಗೀತ ಯಾಕೆ ಬೇಕು ಎಂಬುದೂ ಅವರನ್ನು ಕಾಡಿತ್ತು. ಸಂಗಾತಿಯನ್ನು ಒಲಿಸಿಕೊಳ್ಳಲು ನಮ್ಮ ಪೂರ್ವಜರು ಸ್ವರಗಳನ್ನು ಬಳಸಿರಬಹುದು ಎಂದು 1871ರ ಪುಸ್ತಕದಲ್ಲಿ ಊಹಿಸಿದರು. 1881ರ ಎರೆಹುಳುಗಳ ಪುಸ್ತಕಕ್ಕಾಗಿ ಹುಳುಗಳಿಗೂ ಪಿಯಾನೋ ಕೇಳಿಸಿದರು. ಹುಳುಗಳು ಕದಲಲಿಲ್ಲ. ಅವುಗಳ ಕುಂಡವನ್ನು ಪಿಯಾನೋ ಮೇಲೆಯೇ ಇಟ್ಟು ನುಡಿಸಿದಾಗ ಮಾತ್ರ, ಕಂಪನ ತಟ್ಟಿ ಬಿಲಕ್ಕೆ ಓಡಿದವು.

ಆಸಕ್ತಿ ಬತ್ತಿಹೋದಾಗ

1876ರಲ್ಲಿ ಮನೆಯವರಿಗಾಗಿ ಆತ್ಮಕಥೆ ಬರೆಯುವಾಗ ಡಾರ್ವಿನ್ ಬೇಸರದಿಂದ ಒಂದು ವಿಷಯ ಹೇಳಿಕೊಂಡರು. ಕಾವ್ಯ ಸೇರುತ್ತಿಲ್ಲ, ಸಂಗೀತದ ರುಚಿಯೂ ಹೆಚ್ಚುಕಡಿಮೆ ಹೋಗಿದೆ, ಕೇಳುತ್ತ ಕೂತರೆ ಮನಸ್ಸು ಕೆಲಸದ ಕಡೆಗೇ ಓಡುತ್ತದೆ. ಬಳಸದೆ ಬಿಟ್ಟ ಮೆದುಳಿನ ಭಾಗ ಸೊರಗಿತೇನೋ ಎಂದುಕೊಂಡರು. ಇನ್ನೊಂದು ಜೀವನ ಸಿಕ್ಕರೆ ವಾರಕ್ಕೊಮ್ಮೆಯಾದರೂ ಕವಿತೆ ಓದಿ, ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುವ ಆಸೆ ಅವರದು. 1882ರ ಏಪ್ರಿಲ್ 19ರಂದು ಅವರು ತೀರಿಕೊಂಡರು.

ವಿಜ್ಞಾನ ಏನು ಹೇಳುತ್ತದೆ?

ಡಾರ್ವಿನ್‌ಗೆ ಜೀನ್ ಎಂಬುದೇ ಗೊತ್ತಿರಲಿಲ್ಲ. ಇಂದು ಸಂಶೋಧಕರು ಅವಳಿಗಳನ್ನು ಹೋಲಿಸಿ ನೋಡುತ್ತಾರೆ. ಒಂದೇ ರೂಪದ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಬೇರೆ ರೂಪದ ಅವಳಿಗಳಲ್ಲಿ ಸರಾಸರಿ ಅರ್ಧದಷ್ಟು ಹೋಲಿಕೆ. ಸ್ವೀಡನ್ನಿನ 9,000ಕ್ಕೂ ಹೆಚ್ಚು ಅವಳಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಂಗೀತದಿಂದ ಸಿಗುವ ಖುಷಿಯಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಸುಮಾರು 54% ಜೀನ್‌ಗಳಿಗೆ ಸಂಬಂಧಿಸಿದ್ದು. ಸ್ವರ, ತಾಳ ಗುರುತಿಸುವ ಶಕ್ತಿಗೂ ಈ ಖುಷಿಗೂ ಇರುವ ಜೀನ್ ಪ್ರಭಾವಗಳು ಭಾಗಶಃ ಬೇರೆ ಬೇರೆ. ಡಾರ್ವಿನ್‌ರಂಥ ಮಂದ ಕಿವಿಯ ಸಂಗೀತಪ್ರಿಯರು ಇರುವುದು ಅಚ್ಚರಿಯೇನಲ್ಲ.

54% ಎಂದರೆ ನಿಮ್ಮ ಆಸಕ್ತಿಯ ಅರ್ಧ ಅಪ್ಪ ಅಮ್ಮನಿಂದ ಬಂತು ಎಂದಲ್ಲ. ಅದು ಇಡೀ ಗುಂಪಿನ ಲೆಕ್ಕ, ಒಬ್ಬ ವ್ಯಕ್ತಿಯದ್ದಲ್ಲ. ಡಾರ್ವಿನ್ ಹುಟ್ಟುವಾಗ ಪಡೆದ ಜೀನ್‌ಗಳು ಕೊನೆತನಕ ಅವೇ ಇದ್ದವು, ಆಸಕ್ತಿ ಮಾತ್ರ ಬದಲಾಯಿತು.

ಇನ್ನು ಕಲ್ಲು ಮನಸ್ಸಿನ ಮಾತು. ಕಿವಿ ಚೆನ್ನಾಗಿದ್ದೂ, ಬೇರೆ ವಿಷಯಗಳಲ್ಲಿ ಖುಷಿಪಟ್ಟೂ, ಸಂಗೀತ ಮಾತ್ರ ತಟ್ಟದವರಿದ್ದಾರೆ ಎಂದು 2014ರಲ್ಲಿ ಬಾರ್ಸಿಲೋನಾದ ಸಂಶೋಧಕರು ತೋರಿಸಿದರು. ಅಂಥವರಿಗೆ ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುವುದು ತಪ್ಪು.

ಹಾಗೆಯೇ, ಮಗು ಅಪಸ್ವರದಲ್ಲಿ ಹಾಡಿತೆಂದು ಇವನಿಗೆ ಸಂಗೀತ ಬೇಡ ಎಂದು ನಾವು ತೀರ್ಮಾನಿಸುವುದೂ ಬೇಡ. ಹಾಡಲು ಬಾರದಿದ್ದರೂ ಕೇಳುವ ಸುಖ ಅದರ ಪಾಲಿಗೆ ಇರಬಹುದು.