ರಾಗಿ ಲಕ್ಷ್ಮಣಯ್ಯ: ಒಳಸಂಬಂಧದ ಬೆಳೆಗೆ ಆಫ್ರಿಕದ ನಂಟು ತಂದವರು

ಕರಾವಳಿಯ ನಮಗೆ ರಾಗಿ ಎಂದರೆ ಮಣ್ಣಿ, ಇಲ್ಲವೇ ಹಸುಗೂಸಿನ ಆಹಾರ. ನಮ್ಮ ದಿನದ ಊಟ ಕುಚ್ಚಲಕ್ಕಿಯದು. ಆದರೆ ಮಡಿಕೇರಿ ದಾರಿಯಾಗಿ ಮೈಸೂರಿಗೆ ಹೋಗುವಾಗ ಬೈಲಕುಪ್ಪೆ ಸಿಕ್ಕಿದ ಕೂಡಲೇ ನೋಟವೇ ಬದಲಾಗುತ್ತದೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಮೊದಲು ಹೊಗೆಸೊಪ್ಪು, ಅದರ ಕೊಯ್ಲು ಮುಗಿದ ಮೇಲೆ ರಾಗಿ. ಒಂದು ಹಣಕ್ಕೆ, ಇನ್ನೊಂದು ಮನೆಯ ಮುದ್ದೆಗೆ ಮತ್ತು ದನದ ಹುಲ್ಲಿಗೆ. ಈ ಎರಡೂ ಬೆಳೆಗಳು ತಮ್ಮದೇ ಹೂವಿನ ಪರಾಗದಿಂದ ಕಾಳು ಕಟ್ಟುವಂಥವು. ಅಂದರೆ ತಲೆತಲಾಂತರದಿಂದ ಒಳಸಂಬಂಧದಲ್ಲೇ ಬೆಳೆದು ಬಂದವು.

ಇದೇ ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ 1921ರಲ್ಲಿ ಹುಟ್ಟಿದವರು ಲಕ್ಷ್ಮಣಯ್ಯನವರು. ಇವರ ಹೆಸರಿನ ಮುಂದೆ ರೈತರು ರಾಗಿಯನ್ನೇ ಸೇರಿಸಿಬಿಟ್ಟರು. ಇವರ ಬಾಳಿನ ಬಹುಭಾಗ ಮಂಡ್ಯದ ವಿ.ಸಿ. ಫಾರಂನ ರಾಗಿ ಮಡಿಗಳಲ್ಲೇ ಕಳೆಯಿತು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1931ರಲ್ಲಿ ಆರಂಭವಾದ ಕೇಂದ್ರವದು. ಅದಕ್ಕೂ ಮೊದಲೇ, 1918ರ ಹೊತ್ತಿಗೆ, ಕೋಲ್ಮನ್ ಅವರ ಇಲಾಖೆ ಎಚ್-22 ಎಂಬ ರಾಗಿ ತಳಿಯನ್ನು ಹೊರತಂದಿತ್ತು. ನಾಟಿ ರಾಗಿಯ ಹೊಲದಿಂದ ಒಳ್ಳೆಯ ತೆನೆಗಳನ್ನು ಆರಿಸಿ ಅವುಗಳ ಸಂತಾನವನ್ನು ಬೇರೆಯಾಗಿ ಬೆಳೆಸುವುದು ಆಗಿನ ಪದ್ಧತಿ.

ಒಳಸಂಬಂಧ ಎಂದೊಡನೆ ನಮ್ಮಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತೇವೆ. ತುಳುನಾಡಿನಲ್ಲಿ ಒಂದೇ ಬಳಿಯವರು ಮದುವೆಯಾಗುವುದಿಲ್ಲ. ಧರ್ಮಕೇಂದ್ರಗಳಲ್ಲಿ ವಿವಾಹದ ಕಾಗದಪತ್ರ ನೋಡುವವರಿಗೆ, ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಗೆ ವಿಶೇಷ ವಿನಾಯಿತಿ ಬೇಕೆಂಬುದು ಗೊತ್ತೇ ಇದೆ. ಮುಸುಕಿನ ಜೋಳವನ್ನು ಅದರದೇ ಪರಾಗದಿಂದ ಕೆಲವು ತಲೆಮಾರು ಬೆಳೆಸಿದರೆ ಗಿಡ ಕುಳ್ಳಾಗಿ, ತೆನೆ ಸೊರಗುತ್ತದೆ. ಅಡಗಿ ಕೂತಿದ್ದ ದೋಷಗಳೆಲ್ಲ ಹೊರಬೀಳುತ್ತವೆ. ಆದರೆ ರಾಗಿಯ ವಿಷಯ ಹಾಗಲ್ಲ. ಅಂಥ ದೋಷವಿದ್ದ ಗಿಡಗಳು ಸಾವಿರಾರು ವರ್ಷಗಳಲ್ಲಿ ತಾವಾಗಿಯೇ ಅಳಿದುಹೋಗಿವೆ. ಉಳಿದದ್ದು ಒಳಸಂಬಂಧವನ್ನು ತಾಳಿಕೊಳ್ಳುವ ವಂಶ. ಹಾಗಾಗಿ ತಾಯಿಯಂತೆಯೇ ಮಗು. ಹುಣಸೂರಿನ ರೈತ ಈ ವರ್ಷದ ಒಳ್ಳೆಯ ತೆನೆಯನ್ನು ಬೀಜಕ್ಕೆಂದು ಎತ್ತಿಟ್ಟರೆ ಮುಂದಿನ ವರ್ಷ ಅದೇ ರಾಗಿ ಬರುತ್ತದೆ. ಜೋಳದ ಹೈಬ್ರಿಡ್‌ನಂತೆ ವರ್ಷವರ್ಷವೂ ಬೀಜದಂಗಡಿಗೆ ಹೋಗಬೇಕಾಗಿಲ್ಲ. ಬಡವನ ಪಾಲಿಗೆ ಇದು ಸಣ್ಣ ಲಾಭವಲ್ಲ. ಅಂದಹಾಗೆ, ಬ್ರನೋ ಪಟ್ಟಣದ ಅಗಸ್ಟೀನ್ ಸಭೆಯ ಸಂನ್ಯಾಸಿ ಗ್ರೆಗೊರ್ ಮೆಂಡೆಲ್ ತಮ್ಮ ಮಠದ ತೋಟದಲ್ಲಿ ಬಟಾಣಿಯನ್ನೇ ಆರಿಸಿಕೊಂಡದ್ದೂ ಅದು ಇಂಥದೇ ಗಿಡವಾದ್ದರಿಂದ.

ತೊಂದರೆ ಬೇರೆ ಕಡೆ ಇತ್ತು. ತನ್ನೊಳಗೇ ತಿರುಗುವ ವಂಶಕ್ಕೆ ಹೊಸ ಗುಣ ಬರುವುದು ಎಲ್ಲಿಂದ? ಇದ್ದುದರಲ್ಲೇ ಎಷ್ಟು ಆರಿಸಿದರೂ ಒಂದು ಹಂತದಲ್ಲಿ ಇಳುವರಿ ನಿಂತುಬಿಡುತ್ತದೆ. ಆದ್ದರಿಂದ ಬೇರೆ ಬೇರೆ ತಳಿಗಳನ್ನು ಕೂಡಿಸಬೇಕು. ಹೇಳಿದಷ್ಟು ಸುಲಭವಲ್ಲ ಇದು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಾಗುವುದರೊಳಗೆ. ಒಂದು ತೆನೆಯ ಹೂಗಳೆಲ್ಲ ಅರಳಿ ಮುಗಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಅರಳುವಾಗಲೇ ತನ್ನ ಪರಾಗ ತನ್ನ ಮೇಲೆ ಬಿದ್ದಾಗಿರುತ್ತದೆ. ಅದಕ್ಕೆ ತಳಿ ತಜ್ಞರು ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ ಕಾಯುತ್ತಿದ್ದರು. ಗಂಡು ಕಡೆಗೆ ನೇರಳೆ ಬಣ್ಣದ ಗಿಡವನ್ನು ಆರಿಸಿಕೊಂಡರೆ, ಹಸಿರು ತಾಯಿಯ ಸಾವಿರ ಸಸಿಗಳ ನಡುವೆ ನೇರಳೆ ಛಾಯೆಯ ಒಂದೆರಡು ಸಸಿ ಕಂಡಾಗ ನಂಟು ಕೂಡಿತೆಂದು ತಿಳಿಯುತ್ತಿತ್ತು.

ಲಕ್ಷ್ಮಣಯ್ಯನವರು 1951ರಿಂದ 1964ರ ಅವಧಿಯಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ಆರು ತಳಿಗಳನ್ನು ಕೊಟ್ಟರು. ಬಳಿಕ ಅವರ ದೃಷ್ಟಿ ರಾಗಿಯ ತವರಾದ ಪೂರ್ವ ಆಫ್ರಿಕದ ಕಡೆ ಹೊರಳಿತು. ಅಲ್ಲಿಂದ ರಾಗಿ ನಮ್ಮ ದೇಶಕ್ಕೆ ಬಂದು ಸಾವಿರಾರು ವರ್ಷಗಳಾಗಿವೆ. ಅಗಲಿದ ಎರಡು ಕವಲುಗಳಲ್ಲಿ ಒಂದು ಹೆಚ್ಚು ತೆಂಡೆ ಹೊಡೆಯುವ, ಬೇಗ ಬಲಿಯುವ ಕವಲು. ಇನ್ನೊಂದು ದಪ್ಪ ಕಾಂಡ, ಮುಷ್ಟಿಯಂಥ ತೆನೆ, ದೊಡ್ಡ ಕಾಳಿನದು. ಇವೆರಡನ್ನೂ ಕೂಡಿಸಿ ಬಂದವು ಇಂಡಾಫ್ ತಳಿಗಳು. ಇಂಡಿಯಾ, ಆಫ್ರಿಕ ಎರಡೂ ಆ ಹೆಸರಿನಲ್ಲೇ ಇವೆ. ಇಂಡಾಫ್-5ರ ಒಂದು ಕಡೆ ಅವರದೇ ಕಾವೇರಿ ತಳಿ, ಇಂಡಾಫ್-8ರ ಒಂದು ಕಡೆ ಹುಲ್ಲುಬೆಳೆ ಎಂಬ ನಾಟಿ ರಾಗಿ.

ಮೊದಲು ಕೂಡಿಸಿದರು ನಿಜ. ಆಮೇಲೆ ಮತ್ತೆ ಒಳಸಂಬಂಧವೇ ಕೆಲಸಕ್ಕೆ ಬಂತು ಎಂಬುದನ್ನು ನಾವು ಗಮನಿಸಬೇಕು. ಮಿಶ್ರ ಸಂತಾನವನ್ನು ತನ್ನಷ್ಟಕ್ಕೆ ಕಾಳು ಕಟ್ಟಲು ಬಿಟ್ಟರೆ ಅದರ ಮಿಶ್ರತನ ಪ್ರತಿ ತಲೆಮಾರಿಗೂ ಅರ್ಧಕ್ಕಿಳಿಯುತ್ತದೆ. ಆರು ತಲೆಮಾರು ಕಳೆದಾಗ ಶೇಕಡಾ 2ಕ್ಕೂ ಕಡಿಮೆ. ಅಷ್ಟೂ ವರ್ಷ ಪ್ರತಿ ಸಾಲನ್ನೂ ನೋಡಿ ಬೇಡದ್ದನ್ನು ಕಿತ್ತು, ಬೇಕಾದದ್ದನ್ನು ಉಳಿಸಬೇಕು. ತಳಿಯ ಹೆಸರು ಪತ್ರಿಕೆಯಲ್ಲಿ ಬರುವಾಗ ಈ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಡಾಫ್ ತಳಿಗಳು 1970ರ ದಶಕದಲ್ಲಿ ಹಳೇ ಮೈಸೂರಿನ ಉದ್ದಗಲಕ್ಕೂ ಹಬ್ಬಿದವು. ಇಳುವರಿ ಗಣನೀಯವಾಗಿ ಏರಿತು. ಆದರೆ ಎಲ್ಲೆಡೆ ಒಂದೇ ತಳಿ ನಿಂತಾಗ ರೋಗಕ್ಕೂ ಒಂದೇ ಬಾಗಿಲು ಸಾಕು. ಅಮೆರಿಕದಲ್ಲಿ 1970ರಲ್ಲಿ ಒಂದೇ ತಾಯಿ ಮೂಲದ ಜೋಳದ ಹೈಬ್ರಿಡ್‌ಗಳಿಗೆ ಎಲೆರೋಗ ತಗುಲಿ ಬೆಳೆಯ ಸುಮಾರು ಶೇಕಡಾ 15 ನಾಶವಾಗಿತ್ತು. ನಮ್ಮಲ್ಲಿ ಕೆಲವು ಇಂಡಾಫ್ ತಳಿಗಳನ್ನು ಬೆಂಕಿ ರೋಗ ಕಾಡಿತು. ತೆನೆಯ ಕುತ್ತಿಗೆ ಕಪ್ಪಾಗಿ, ಕಾಳು ಜೊಳ್ಳಾಗುವ ರೋಗವದು. ನಾಟಿ ರಾಗಿಗಳು ಹೊಲದಿಂದ ಹಿಂದೆ ಸರಿದದ್ದೂ ಇದೇ ಕಾಲದಲ್ಲಿ. ಒಳ್ಳೆಯ ತಳಿಯ ಯಶಸ್ಸೇ ಅದರ ಅಪಾಯವೂ ಆಯಿತು ಎನ್ನದೆ ವಿಧಿಯಿಲ್ಲ. ಅದರ ಹೊಣೆಯನ್ನು ಲಕ್ಷ್ಮಣಯ್ಯನವರ ಮೇಲೆ ಹೊರಿಸುವುದು ಮಾತ್ರ ನಮಗೆ ನ್ಯಾಯವೆನಿಸದು. ಹಸಿದ ನಾಡಿಗೆ ಆಗ ಬೇಕಾಗಿದ್ದದ್ದು ಕಾಳು.

ಅವರು 1993ರಲ್ಲಿ ತೀರಿಕೊಂಡರು. ಬೆಂಕಿ ರೋಗ ತಡೆಯುವ ಜಿ.ಪಿ.ಯು.-28 ತಳಿ ರೈತರ ಕೈ ಸೇರಿದ್ದು ಆ ಬಳಿಕ. ಇಂಡಾಫ್-5 ಮತ್ತು ಇಂಡಾಫ್-9 ಎರಡೂ ಅದರ ಹಿರಿಯರ ಸಾಲಿನಲ್ಲಿವೆ. ರೋಗ ತಡೆಯುವ ಗುಣ ಇನ್ನೊಂದು ಕಡೆಯಿಂದ ಬಂತು. ನಂತರ ಬಂದ ಎಂ.ಎಲ್.-365ರ ತಂದೆ ಇಂಡಾಫ್-5. ಈಗ ಜಿ.ಪಿ.ಯು.-28 ತಾನೇ ಕರ್ನಾಟಕದ ರಾಗಿ ಹೊಲಗಳ ದೊಡ್ಡ ಪಾಲನ್ನು ಹಿಡಿದಿದೆ. ಮುಂದೊಂದು ದಿನ ಅದಕ್ಕೂ ರೋಗ ದಾರಿ ಕಂಡುಕೊಂಡರೆ ಬೇಕಾದೀತೆಂದು, ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ದೇಶ ವಿದೇಶಗಳ ಸಾವಿರಾರು ರಾಗಿ ತಳಿಗಳ ಬೀಜವನ್ನು ಕಾಪಿಟ್ಟಿದ್ದಾರೆ.