ಫ್ಯೂಸ್ ಕೊಟ್ಟ ವಿಜ್ಞಾನಿ: ಥಾಮಸ್ ಆಲ್ವಾ ಎಡಿಸನ್



ಎಡಿಸನ್ ಅಂದ ಕೂಡಲೇ ನಮಗೆಲ್ಲ ಬಲ್ಬು ನೆನಪಿಗೆ ಬರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಮೀಟರಿನ ಪಕ್ಕ ಇರುವ ಫ್ಯೂಸಿಗೂ ಅವರಿಗೂ ಸಂಬಂಧ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಬಲ್ಬು ಬೆಳಕು ಕೊಡುತ್ತದೆ, ಫ್ಯೂಸು ಮನೆ ಕಾಯುತ್ತದೆ. ಅದಕ್ಕೇ ಈ ಸಲ ಅವರ ಜೀವನ ಚರಿತ್ರೆಯನ್ನೂ ಫ್ಯೂಸಿನ ವಿಷಯವನ್ನೂ ಸೇರಿಸಿ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಬಾಲ್ಯ

ಎಡಿಸನ್‌ರವರು 1847ನೇ ಇಸವಿ ಫೆಬ್ರವರಿ 11ರಂದು ಅಮೆರಿಕ ದೇಶದ ಓಹಾಯೋ ರಾಜ್ಯದ ಮಿಲಾನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಸ್ಯಾಮ್ಯುಯೆಲ್, ತಾಯಿ ನ್ಯಾನ್ಸಿ. ಏಳು ಜನ ಮಕ್ಕಳಲ್ಲಿ ಇವರೇ ಕಡೆಯವರು. ಚಿಕ್ಕಂದಿನಿಂದಲೂ ಏನಾದರೂ ಮಾಡಿ ನೋಡಬೇಕು ಎಂಬ ಹುಚ್ಚು. ಬೆಂಕಿ ಏನು ಮಾಡುತ್ತದೆ ಅಂತ ನೋಡಲು ಹೋಗಿ ತಂದೆಯ ಕೊಟ್ಟಿಗೆಯನ್ನೇ ಸುಟ್ಟುಬಿಟ್ಟರು! ತಂದೆ ಊರವರ ಎದುರಿಗೇ ನಿಲ್ಲಿಸಿ ಬಾರಿಸಿದರು.

1854ರಲ್ಲಿ ಮನೆಯವರು ಮಿಶಿಗನ್ ರಾಜ್ಯದ ಪೋರ್ಟ್ ಹ್ಯೂರನ್ ಊರಿಗೆ ಬಂದರು. ಶಾಲೆಗೆ ಹೋಗಿದ್ದು ಕೆಲವೇ ತಿಂಗಳು. ಹುಡುಗ ದಡ್ಡ ಎಂದು ಶಾಲೆಯಲ್ಲಿ ಅಂದಿದ್ದು ತಾಯಿಗೆ ಬಹಳ ಬೇಜಾರಾಯ್ತು. ಅವರೇ ಮನೆಯಲ್ಲಿ ಕೂರಿಸಿಕೊಂಡು ಓದು ಬರಹ ಕಲಿಸಿದರು.

ರೈಲಿನಲ್ಲಿ ಪೇಪರ್ ಮಾರಿದ ಹುಡುಗ

ಹನ್ನೆರಡನೇ ವಯಸ್ಸಿಗೆ, ಅಂದ್ರೆ ನಮಗಿಂತ ಚಿಕ್ಕವರಿದ್ದಾಗಲೇ, ಎಡಿಸನ್ ರೈಲಿನಲ್ಲಿ ಪೇಪರು, ಮಿಠಾಯಿ ಮಾರುವ ಕೆಲಸಕ್ಕೆ ಸೇರಿದರು. ಪೋರ್ಟ್ ಹ್ಯೂರನ್‌ನಿಂದ ಡೆಟ್ರಾಯಿಟ್‌ಗೆ ಹೋಗಿ ರಾತ್ರಿ ವಾಪಸ್ ಬರಬೇಕು. 1862ರಲ್ಲಿ ಆ ರೈಲಿನ ಸಾಮಾನು ಡಬ್ಬಿಯಲ್ಲೇ ಹಳೇ ಅಚ್ಚಿನ ಯಂತ್ರ ಇಟ್ಟುಕೊಂಡು ಸ್ವಂತ ಪತ್ರಿಕೆ ಅಚ್ಚು ಮಾಡಿ ಮಾರಿದರು. ನಾವು ಕೈಯಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ, ಅವರು ಓಡುವ ರೈಲಿನಲ್ಲಿ ಪತ್ರಿಕೆ ತಂದರು!

ಅದೇ ಡಬ್ಬಿಯಲ್ಲಿ ರಾಸಾಯನಿಕಗಳ ಬಾಟಲಿ ಇಟ್ಟುಕೊಂಡು ಪ್ರಯೋಗವನ್ನೂ ಮಾಡುತ್ತಿದ್ದರು. ಒಂದು ದಿನ ರಂಜಕ ಕೆಳಗೆ ಬಿದ್ದು ಡಬ್ಬಿಗೆ ಬೆಂಕಿ ಹತ್ತಿತು. ರೈಲಿನವರು ಸಾಮಾನನ್ನೆಲ್ಲ ಹೊರಗೆ ಹಾಕಿಸಿದರು. ಕಿವಿ ಕೇಳಿಸುವುದೂ ಆ ವಯಸ್ಸಿನಿಂದಲೇ ಕಡಿಮೆ ಆಗುತ್ತಾ ಬಂತು.

1862ರಲ್ಲೇ ಇನ್ನೊಂದು ಘಟನೆ ನಡೆಯಿತು. ಒಬ್ಬ ಸ್ಟೇಷನ್ ಮಾಸ್ಟರ್‌ರ ಪುಟ್ಟ ಮಗ ಹಳಿ ಮೇಲೆ ಆಡುತ್ತಿದ್ದ. ರೈಲು ಡಬ್ಬಿ ಉರುಳಿಕೊಂಡು ಬರುತ್ತಿತ್ತು. ಎಡಿಸನ್ ಓಡಿ ಹೋಗಿ ಮಗುವನ್ನು ಎಳೆದುಕೊಂಡರು. ಆ ಉಪಕಾರಕ್ಕೆ ಸ್ಟೇಷನ್ ಮಾಸ್ಟರ್ ಅವರಿಗೆ ತಂತಿ ಕಳಿಸುವ ವಿದ್ಯೆ ಕಲಿಸಿದರು. ಟೆಲಿಗ್ರಾಫಿನಿಂದಲೇ ವಿದ್ಯುತ್ತಿನ ಕೆಲಸ ಅವರ ಕೈಗೆ ಹತ್ತಿತು.

ಸಂಶೋಧನೆಗಳು

1869ರಲ್ಲಿ ಅವರಿಗೆ ಮೊದಲ ಪೇಟೆಂಟ್ ಸಿಕ್ಕಿತು. ಅದು ಓಟು ಎಣಿಸುವ ಯಂತ್ರ. ಯಾರೂ ಕೊಳ್ಳಲಿಲ್ಲ. ಜನಕ್ಕೆ ಬೇಕಾದ್ದನ್ನೇ ಮಾಡಬೇಕು ಅಂತ ಆಗ ತೀರ್ಮಾನಿಸಿದರು. 1876ರಲ್ಲಿ ನ್ಯೂಜೆರ್ಸಿಯ ಮೆನ್ಲೋ ಪಾರ್ಕ್‌ನಲ್ಲಿ ದೊಡ್ಡ ಪ್ರಯೋಗಶಾಲೆ ಕಟ್ಟಿದರು. 1877ರಲ್ಲಿ ಗ್ರಾಮಾಫೋನಿಗೆ ಮೂಲವಾದ ಫೋನೋಗ್ರಾಫ್ ತಯಾರಾಯ್ತು. 1879ರ ಅಕ್ಟೋಬರಿನಲ್ಲಿ ಹತ್ತಿನೂಲನ್ನು ಇದ್ದಿಲು ಮಾಡಿ ಗಾಳಿ ತೆಗೆದ ಗಾಜಿನೊಳಗೆ ಉರಿಸಿ ಗೆದ್ದರು. ಆಮೇಲೆ ಜಪಾನಿನ ಬಿದಿರಿನ ಎಳೆ ಹಾಕಿದಾಗ ಬಲ್ಬು ಸಾವಿರ ಗಂಟೆಗೂ ಮೇಲೆ ಉರಿಯಿತು. ಬಲ್ಬನ್ನು ಇವರೊಬ್ಬರೇ ಕಂಡುಹಿಡಿದರು ಎನ್ನುವುದು ಸರಿಯಲ್ಲ. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಮುಂತಾದವರೂ ಮಾಡಿದ್ದರು. ಆದರೆ ಡೈನಮೋ, ಕೇಬಲ್, ಮೀಟರ್, ಸ್ವಿಚ್, ಹೋಲ್ಡರ್ ಎಲ್ಲವನ್ನೂ ಸೇರಿಸಿ ಮನೆಮನೆಗೆ ಕರೆಂಟು ಕೊಡುವ ಪೂರ್ತಿ ವ್ಯವಸ್ಥೆ ಯೋಚಿಸಿದ್ದು ಎಡಿಸನ್.

ಫ್ಯೂಸಿನ ವಿಷಯ

ಇಲ್ಲಿ ಒಂದು ಕಷ್ಟ ಬಂತು. ಎರಡು ತಂತಿ ಒಂದಕ್ಕೊಂದು ತಾಗಿದರೆ ಕರೆಂಟು ವಿಪರೀತ ಹರಿಯುತ್ತದೆ, ತಂತಿ ಕೆಂಪಗೆ ಕಾಯುತ್ತದೆ, ಮನೆಗೇ ಬೆಂಕಿ. ಚಿಕ್ಕಂದಿನಲ್ಲಿ ಎರಡು ಸಲ ಬೆಂಕಿ ಕಂಡಿದ್ದ ಎಡಿಸನ್‌ರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಬಳಸಿದ ಉಪಾಯ ಬಹಳ ಸರಳ. ದಾರಿಯಲ್ಲಿ ಒಂದು ಕಡೆ ಬೇಕೆಂದೇ ಬಲವಿಲ್ಲದ ಸಣ್ಣ ತಂತಿ ಹಾಕುವುದು. ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು, ಸೀಸ ಸುಮಾರು 327 ಡಿಗ್ರಿಗೇ ಕರಗುತ್ತದೆ. ಆದ್ದರಿಂದ ಕರೆಂಟು ಹೆಚ್ಚಾದರೆ ಮೊದಲು ಆ ತುಂಡು ಕರಗಿ ದಾರಿ ಕಡಿಯುತ್ತದೆ, ಮಿಕ್ಕ ತಂತಿ ಉಳಿಯುತ್ತದೆ. ಊರಿಗಾಗಿ ಒಬ್ಬ ಕಾವಲುಗಾರ ಪ್ರಾಣ ಕೊಟ್ಟ ಹಾಗೆ. ಇದಕ್ಕೆ 1880ರಲ್ಲಿ ಪೇಟೆಂಟ್ ಸಿಕ್ಕಿತು.

ಆಶ್ಚರ್ಯ ಏನೆಂದರೆ, 1879ರಲ್ಲೇ ಪೇಟೆಂಟಿಗೆ ಹಾಕಿದ ಒಂದು ಅರ್ಜಿಯಲ್ಲಿ ಕರೆಂಟು ಹೆಚ್ಚಾದರೆ ತಾನಾಗಿ ಕಡಿಯುವ ಸಾಧನವನ್ನೂ ಅವರು ವಿವರಿಸಿದ್ದರು. ಈಗಿನ ಎಂಸಿಬಿಯ ಮುತ್ತಜ್ಜ ಅದೇ. ಆದರೆ ಊರಿಗೆ ಕರೆಂಟು ಕೊಡುವಾಗ ಬಳಸಿದ್ದು ಮಾತ್ರ ಫ್ಯೂಸು.

1882ರಲ್ಲಿ ನ್ಯೂಯಾರ್ಕಿನ ದೊಡ್ಡ ಸಾಹುಕಾರ ಜೆ. ಪಿ. ಮಾರ್ಗನ್ ತಮ್ಮ ಮನೆಗೆ ಎಡಿಸನ್ ಕಂಪನಿಯಿಂದ ದೀಪ ಹಾಕಿಸಿದರು. ಒಂದು ದಿನ ಅವರ ಓದುವ ಕೋಣೆಯ ವೈರಿನಿಂದ ಬೆಂಕಿ ಎದ್ದು ಮೇಜು, ಜಮಖಾನ ಸುಟ್ಟುಹೋದವು. ಕರೆಂಟೇ ಬೇಡ ಅಂತ ಅವರು ಹೇಳಬಹುದಿತ್ತು. ಹಾಗೆ ಹೇಳದೆ ಹಳೇ ವೈರಿಂಗ್ ತೆಗೆಸಿ ಹೊಸದು ಹಾಕಿಸಿದರು. ಹಳೇದು ಸರಿಯಿಲ್ಲದಿದ್ದರೆ ಬದಲಾಯಿಸಬೇಕು ಅನ್ನೋದು ಕರೆಂಟಿನಷ್ಟೇ ಹಳೇ ಪಾಠ.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ಶುರುವಾಯ್ತು. ನೆಲದೊಳಗಿನ ಕೇಬಲ್‌ನಲ್ಲಿ 110 ವೋಲ್ಟ್ ಕರೆಂಟು. ಮೊದಲ ದಿನ ಸುಮಾರು 400 ದೀಪ ಹತ್ತಿದವು.

ಕಡೆಯ ದಿನಗಳು

ಇಷ್ಟು ದೊಡ್ಡವರೂ ಒಂದು ವಿಷಯದಲ್ಲಿ ಹಟ ಮಾಡಿದರು. ಅವರದು ಡಿ.ಸಿ. ಕರೆಂಟು, ಹೆಚ್ಚು ದೂರ ಹೋಗುತ್ತಿರಲಿಲ್ಲ. ವೆಸ್ಟಿಂಗ್‌ಹೌಸ್, ಟೆಸ್ಲಾ ಮುಂತಾದವರು ಎ.ಸಿ. ಕರೆಂಟು ತಂದಾಗ ಅದು ಅಪಾಯ ಅಂತ ಎಡಿಸನ್ ಬಲವಾಗಿ ವಿರೋಧಿಸಿದರು. ಆದರೂ ಗೆದ್ದಿದ್ದು ಎ.ಸಿ.ಯೇ. ನಮ್ಮ ಮನೆಗೆ ಬರುವುದೂ ಅದೇ.

1914ರ ಡಿಸೆಂಬರಿನಲ್ಲಿ ವೆಸ್ಟ್ ಆರೆಂಜ್‌ನಲ್ಲಿದ್ದ ಅವರ ಕಾರ್ಖಾನೆಗೆ ದೊಡ್ಡ ಬೆಂಕಿ ಬಿದ್ದು ಎಷ್ಟೋ ಕಟ್ಟಡ ಸುಟ್ಟವು. ಆಗ ಅವರಿಗೆ 67 ವರ್ಷ. ಧೈರ್ಯಗೆಡದೆ ಮತ್ತೆ ಕಟ್ಟಿಸಿದರು. ಅಮೆರಿಕದಲ್ಲಿ ಒಟ್ಟು 1,093 ಪೇಟೆಂಟ್ ಪಡೆದ ಅವರು 1931ರ ಅಕ್ಟೋಬರ್ 18ರಂದು ತೀರಿಕೊಂಡರು. ಅಂತ್ಯಕ್ರಿಯೆಯ ದಿನ ರಾತ್ರಿ ಅಮೆರಿಕದ ಜನ ಸ್ವಲ್ಪ ಹೊತ್ತು ದೀಪ ಆರಿಸಿ ಗೌರವ ಸಲ್ಲಿಸಿದರು.

ನಮ್ಮ ನಾಡಿಗೂ ಇವರಿಗೂ ಸಂಬಂಧ ಇದೆ. ಎಡಿಸನ್‌ರ ಕಂಪನಿ 1892ರಲ್ಲಿ ಇನ್ನೊಂದರ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗ ವಿದ್ಯುತ್ ಯಂತ್ರಗಳು ಬಂದದ್ದು ಆ ಕಂಪನಿಯಿಂದ. 1905ರಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು.

ಹಳೇ ಬೋರ್ಡು, ಹೊಸ ಬೋರ್ಡು

1924ರಲ್ಲಿ ಜರ್ಮನಿಯ ಹ್ಯೂಗೋ ಸ್ಟಾಟ್ಸ್ ಎಂಬ ಇಂಜಿನಿಯರರ ಎಂಸಿಬಿಗೆ ಪೇಟೆಂಟ್ ಅರ್ಜಿ ಹೋಯ್ತು. ಅದರೊಳಗೆ ಇಬ್ಬರು ಕಾವಲುಗಾರರು. ಒಂದು, ಎರಡು ಲೋಹ ಸೇರಿಸಿದ ಪಟ್ಟಿ. ಹೆಚ್ಚು ಹೊತ್ತು ಹೆಚ್ಚು ಕರೆಂಟು ಹರಿದರೆ ಬಿಸಿಯಾಗಿ ಬಾಗುತ್ತದೆ. ಇನ್ನೊಂದು ತಂತಿಸುರುಳಿ. ಶಾರ್ಟ್ ಆದರೆ ಅಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಸ್ವಿಚ್ ಬೀಳಿಸುತ್ತದೆ. ಏನೂ ಕರಗುವುದಿಲ್ಲ. ಕಾರಣ ಹುಡುಕಿ ಸರಿಮಾಡಿ ಮತ್ತೆ ಎತ್ತಿದರಾಯ್ತು.

ಹಾಗಾದರೆ ಫ್ಯೂಸು ಕೆಟ್ಟದ್ದೇ? ಅಲ್ಲ. ಸರಿಯಾದ ತಂತಿ ಹಾಕಿದರೆ ಫ್ಯೂಸೂ ಕೆಲಸ ಮಾಡುತ್ತದೆ. ತೊಂದರೆ ಇರುವುದು ನಮ್ಮಲ್ಲಿ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟುತ್ತೇವೆ. ಆಗ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಹಳೇ ಬೋರ್ಡುಗಳಲ್ಲಿ ನ್ಯೂಟ್ರಲ್ ತಂತಿಗೂ ಫ್ಯೂಸ್ ಇರುತ್ತದೆ. ಅದು ಹೋದರೆ ದೀಪ ಆರುತ್ತದೆ, ಆದರೆ ಇನ್ನೊಂದು ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಕರೆಂಟಿಲ್ಲ ಅಂದುಕೊಂಡು ಮುಟ್ಟಿದರೆ ಗತಿ?

ನಮ್ಮ ಮನೆಯಲ್ಲಿ ಮರದ ಹಲಗೆಯ ಮೇಲೆ ಪಿಂಗಾಣಿ ಫ್ಯೂಸುಗಳಿದ್ದವು. ಹತ್ತು ವರ್ಷದಿಂದ ಒಂದು ಸಲವೂ ಫ್ಯೂಸ್ ಹೋಗಿಲ್ಲ ಅಂತ ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದರು. ಬೋರ್ಡು ಬದಲಾಯಿಸಲು ಬಂದ ಎಲೆಕ್ಟ್ರಿಷಿಯನ್ ಅಣ್ಣ ಫ್ಯೂಸ್ ಎಳೆದು ತೋರಿಸಿದರು. ಒಳಗೆ ಮೂರೆಳೆ ತಾಮ್ರದ ತಂತಿ ಹುರಿ ಮಾಡಿ ಕಟ್ಟಿತ್ತು. ಅದು ಹೋಗುವುದಾದರೂ ಹೇಗೆ! ಹಲಗೆ ಹಿಂದಿನ ವೈರಿನ ಹೊದಿಕೆ ಕಪ್ಪಾಗಿ, ಮುಟ್ಟಿದರೆ ಉದುರುತ್ತಿತ್ತು.

ಅವರು ಹಳೇ ವೈರು ತೆಗೆದು, ದೀಪ ಫ್ಯಾನಿಗೆ 6 ಆಂಪಿಯರ್, ಮಿಕ್ಸಿ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ 16 ಆಂಪಿಯರ್ ಎಂಸಿಬಿ ಹಾಕಿದರು. ವೈರಿನ ದಪ್ಪಕ್ಕೆ ತಕ್ಕದ್ದನ್ನೇ ಹಾಕಬೇಕಂತೆ. ಅರ್ತಿಂಗ್ ಹೊಸದಾಗಿ ಮಾಡಿ, ಆರ್‌ಸಿಸಿಬಿ ಎಂಬ ಇನ್ನೊಂದು ಸಾಧನ ಸೇರಿಸಿದರು. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ಲೆಕ್ಕ ನೋಡುತ್ತದೆ. 30 ಮಿಲಿ ಆಂಪಿಯರ್ ಸೋರಿದರೂ ಬಿದ್ದುಬಿಡುತ್ತದೆ. ಅಷ್ಟು ಕಡಿಮೆ ಸೋರಿಕೆ ಫ್ಯೂಸಿಗಾಗಲಿ ಎಂಸಿಬಿಗಾಗಲಿ ತಿಳಿಯುವುದೇ ಇಲ್ಲ. ಅವು ವೈರು ಕಾಯುತ್ತವೆ, ಇದು ಮನುಷ್ಯರನ್ನು ಕಾಯುತ್ತದೆ.

ಮೂರನೇ ದಿನ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕಿದ ಕೂಡಲೇ ಟಪ್ ಅಂತ ಕರೆಂಟು ಹೋಯ್ತು. ಎರಡನೇ ಸಲವೂ ಹಾಗೇ ಆಯ್ತು. ದುಡ್ಡು ದಂಡ, ಹಳೇದೇ ಚೆನ್ನಾಗಿತ್ತು ಅಂತ ಅಜ್ಜಿ ಗೊಣಗಿದರು. ಪೆಟ್ಟಿಗೆ ಬಿಚ್ಚಿಸಿ ನೋಡಿದಾಗ ಒಳಗಿನ ವೈರು ಸುಟ್ಟು ಕಬ್ಬಿಣಕ್ಕೆ ತಾಗಿತ್ತು. ಅಮ್ಮ ದಿನಾ ಬೆಳಗ್ಗೆ ಬರಿಗಾಲಲ್ಲಿ ನಿಂತು ನಮ್ಮ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದದ್ದು ಅದೇ ಪೆಟ್ಟಿಗೆಯಲ್ಲಿ. ಆಮೇಲೆ ಅಜ್ಜಿ ಏನೂ ಅನ್ನಲಿಲ್ಲ.

ಗೆಳೆಯರೇ, ಎಡಿಸನ್ ಹತ್ತಿನೂಲಿಗಿಂತ ಬಿದಿರು ಮೇಲು ಅಂತ ಕಂಡ ಕೂಡಲೇ ನೂಲನ್ನು ಬಿಟ್ಟರು. ಅವರು ಕೊಟ್ಟ ಫ್ಯೂಸು ನೂರು ವರ್ಷ ನಮ್ಮನ್ನು ಕಾಯಿತು. ಅದಕ್ಕಿಂತ ಒಳ್ಳೆಯದು ಬಂದ ಮೇಲೆ ಬದಲಾಯಿಸಿಕೊಳ್ಳುವುದೇ ಅವರಿಗೆ ಸಲ್ಲಿಸುವ ಗೌರವ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಬೋರ್ಡು ಎಂಥದು ಅಂತ ದೂರದಿಂದಲೇ ನೋಡಿ, ದೊಡ್ಡವರನ್ನು ಕೇಳಿ.

ನೆನಪಿಡಿ
1. ಫ್ಯೂಸ್, ಬೋರ್ಡು ಮಕ್ಕಳು ಮುಟ್ಟಬಾರದು.
2. ಫ್ಯೂಸಿಗೆ ದಪ್ಪ ತಾಮ್ರದ ತಂತಿ ಕಟ್ಟಬಾರದು.
3. ಬೋರ್ಡು ಬದಲಾಯಿಸುವ ಕೆಲಸ ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು.
4. ಎಂಸಿಬಿ ಪದೇ ಪದೇ ಬಿದ್ದರೆ ಅದನ್ನು ಬೈಯಬೇಡಿ, ಕಾರಣ ಹುಡುಕಿಸಿ.

ಏಳನೇ ತರಗತಿ ವಿದ್ಯಾರ್ಥಿನಿ